ಅಂಗೈಯೊಳಗಿನ ಮೇಸ್ತ್ರಿ

ಹಿಂದೆಲ್ಲ ಮನೆಗೆ ಬಂದವರು ಒಮ್ಮೆ ಕೆಮ್ಮಿದರೆ ಸಾಕು, ಕೂತವರೆಲ್ಲ ಒಂದೊಂದು ಕಷಾಯ ಹೇಳುತ್ತಿದ್ದರು. ಒಬ್ಬರದು ಮೆಣಸು, ಒಬ್ಬರದು ಶುಂಠಿ, ಇನ್ನೊಬ್ಬರದು ದೊಡ್ಡಪತ್ರೆ. ಅದರಿಂದ ಕೆಮ್ಮು ಹೋಗದಿದ್ದರೂ ಹೊಟ್ಟೆಗೆ ಕೇಡೇನೂ ಆಗುತ್ತಿರಲಿಲ್ಲ. ಈಗ ಕಾರು ಕೆಮ್ಮಿದರೂ ಕಷಾಯ ಹೇಳುವವರಿದ್ದಾರೆ. ಅವರು ನಮ್ಮ ಪಡಸಾಲೆಯಲ್ಲಿ ಕೂತವರಲ್ಲ, ಅಂಗೈಯಗಲದ ಮೊಬೈಲಿನೊಳಗೆ ಕೂತವರು. ನಮ್ಮ ದಾವಣಗೆರೆಯನ್ನು ಅವರು ನೋಡಿಲ್ಲ, ನಮ್ಮ ಕಾರನ್ನಂತೂ ಮೊದಲೇ ನೋಡಿಲ್ಲ. ಆದರೂ ಅವರಿಗೆ ಎಲ್ಲ ಗೊತ್ತು.

ಈ ಮಹಾನುಭಾವರ ಮಾತು ಕೇಳುವುದೇ ಒಂದು ಸೊಗಸು. ತಲೆಗೆ ಟೋಪಿ, ಕೈಯಲ್ಲಿ ಸ್ಪ್ಯಾನರು, ನಿಮ್ಮ ಮೆಕ್ಯಾನಿಕ್ ನಿಮಗೆ ಹೇಳದೆ ಮುಚ್ಚಿಟ್ಟ ಗುಟ್ಟು ಎಂಬ ಪೀಠಿಕೆ. ಒಬ್ಬ ಪೆಟ್ರೋಲ್ ಟ್ಯಾಂಕಿಗೆ ಡಾಂಬರು ಗುಳಿಗೆ ಹಾಕಿ ಮೈಲೇಜ್ ಹೆಚ್ಚಿಸಿಕೊಳ್ಳಿ ಅನ್ನುತ್ತಾನೆ. ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿಡುವ ವಸ್ತು ಟ್ಯಾಂಕಿನಲ್ಲಿ ಏನು ಕಡಿದು ಕಟ್ಟೆ ಹಾಕುತ್ತದೋ! ಇನ್ನೊಬ್ಬ ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಡಿ, ಎಣ್ಣೆ ಉಳಿಯುತ್ತದೆ ಅನ್ನುತ್ತಾನೆ. ಈಗಿನ ಕಾರುಗಳು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಎಂಜಿನ್ನಿಗೆ ಹೋಗುವ ಇಂಧನವನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ನಿಲ್ಲದಂತೆ ನೋಡಿಕೊಳ್ಳಲು ಇಂಧನ ಸುಡುತ್ತಲೇ ಇರಬೇಕು. ಉಳಿತಾಯ ಹೋಗಲಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಉಡುಪಿಗೆ ಹೋಗುವಾಗ ಆಗುಂಬೆ ಘಾಟಿಯಲ್ಲಿ ಈ ಉಳಿತಾಯ ಮಾಡಲು ಹೊರಟರೆ ಬ್ರೇಕು ಕಾದು ಹಿಡಿಯದೆ ಹೋಗುವ ಅಪಾಯವಿದೆ. ಮತ್ತೊಬ್ಬ ಗೇರ್ ಬಾಕ್ಸಿನ ಆಯಿಲನ್ನು ಜನ್ಮದಲ್ಲಿ ಮುಟ್ಟಬೇಡಿ ಅನ್ನುತ್ತಾನೆ. ಅವನ ಬೆನ್ನಿಗೇ ಬರುವವನು ವರ್ಷಕ್ಕೆರಡು ಸಲ ತೊಳೆಯಿರಿ ಅನ್ನುತ್ತಾನೆ. ಯಾವ ಗೇರ್ ಬಾಕ್ಸು, ಯಾವ ಆಯಿಲು ಎಂಬುದನ್ನು ಇಬ್ಬರೂ ಕೇಳುವುದಿಲ್ಲ.

ನಂಬುವುದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದವರಲ್ಲ ಬಿಡಿ. 1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ಗಿಡಮೂಲಿಕೆ ನೀರಿನಿಂದ ಪೆಟ್ರೋಲ್ ಮಾಡುತ್ತೇನೆ ಎಂದಾಗ ದೊಡ್ಡ ದೊಡ್ಡವರೇ ಬಾಯಿ ಬಿಟ್ಟು ನೋಡಿದರು. 2016ರಲ್ಲಿ ಚೆನ್ನೈನ ನ್ಯಾಯಾಲಯ ಅದು ವಂಚನೆಯೆಂದು ಮೂರು ವರ್ಷ ಶಿಕ್ಷೆ ವಿಧಿಸಿತು. ಆಗ ಅದನ್ನು ನೋಡಲು ಊರಿಂದೂರಿಗೆ ಹೋಗಬೇಕಿತ್ತು. ಈಗ ಮಲಗಿದಲ್ಲೇ ನೋಡಬಹುದು.

ನಮ್ಮ ಮನೆಯಲ್ಲಿ ಇದರ ಭಕ್ತ ನನ್ನ ಮೈದುನ. ಒಳ್ಳೆಯ ಹುಡುಗ, ದುಡಿಯುವವನು. ಬ್ಯಾಂಕಿನಲ್ಲಿ ಸಾಲ ಮಾಡಿ ಹಳೆಯ ಡೀಸೆಲ್ ಕಾರೊಂದನ್ನು ಕೊಂಡು ದಾವಣಗೆರೆ, ಹರಿಹರದ ನಡುವೆ ಬಾಡಿಗೆಗೆ ಓಡಿಸುತ್ತಾನೆ. ಹದಿನಾಲ್ಕು ಕಿಲೋಮೀಟರ್ ದಾರಿ. ಮದುವೆ, ಮುಂಜಿ, ರೈಲು ಸ್ಟೇಷನ್, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆ. ದಾವಣಗೆರೆಯಲ್ಲಿ ಆಸ್ಪತ್ರೆಗಳಿಗೇನು ಕೊರತೆ? ಹರಿಹರದ ಒಬ್ಬ ವಯಸ್ಸಾದ ತಾಯಿಯನ್ನು ವಾರಕ್ಕೆರಡು ದಿನ ಡಯಾಲಿಸಿಸ್‌ಗೆ ಕರೆತರುವುದು ಅವನ ಖಾಯಂ ಬಾಡಿಗೆ. ತಿಂಗಳ ಕಂತಿನ ಬಹುಪಾಲು ಅದರಿಂದಲೇ ಹುಟ್ಟುತ್ತಿತ್ತು.

ಕಾರು ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದಾಗ ಅಂಗೈಯೊಳಗಿನ ಮೇಸ್ತ್ರಿ ಅವನಿಗೆ ಹೇಳಿದ್ದು ಇಷ್ಟು. ಎಂಜಿನ್ ಆಯಿಲ್ ಬದಲಿಸುವ ಮುಂಚೆ ಅದಕ್ಕೆ ಒಂದು ಲೀಟರ್ ಸೀಮೆಎಣ್ಣೆ ಬೆರೆಸು, ಹತ್ತು ನಿಮಿಷ ಓಡಿಸು, ಎಲ್ಲ ಕಪ್ಪು ಬಸಿದು ಹೋಗಿ ಎಂಜಿನ್ ಹೊಸದಾಗುತ್ತದೆ. ಒಂದು ಭಾನುವಾರ ಹಿತ್ತಿಲಲ್ಲಿ ಅದು ನಡೆಯಿತು. ಹರಿಹರದ ದೇವಸ್ಥಾನದಲ್ಲಿ ಅರ್ಧ ಹರಿ, ಅರ್ಧ ಹರ ಒಂದೇ ಕಲ್ಲಿನಲ್ಲಿ ಎಂಟುನೂರು ವರ್ಷದಿಂದ ನೆಮ್ಮದಿಯಾಗಿ ನಿಂತಿದ್ದಾರೆ. ಎಂಜಿನ್ನಿನೊಳಗೆ ಆಯಿಲು, ಸೀಮೆಎಣ್ಣೆ ಹಾಗೆ ನಿಲ್ಲುವುದಿಲ್ಲ. ಅಡಿಗೆಮನೆಯ ಎಣ್ಣೆಜಿಡ್ಡಿನ ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿದವರಿಗೆ ಗೊತ್ತು, ಜಿಡ್ಡು ಕರಗುವುದಕ್ಕಿಂತ ಮುಂಚೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಎಂಜಿನ್ನಿನ ತಳದಲ್ಲಿ ಆಯಿಲನ್ನು ಹೀರಿ ಮೇಲಕ್ಕೆ ಕಳಿಸುವ ಪಂಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ, ನಮ್ಮ ಚಹಾ ಸೋಸುವ ಜಾಲರಿಯ ಹಾಗೆ. ಎದ್ದ ಜಿಡ್ಡೆಲ್ಲ ಹೋಗಿ ಕೂರುವುದು ಅಲ್ಲಿ. ಜಾಲರಿ ಕಟ್ಟಿಕೊಂಡರೆ ತಳದಲ್ಲಿ ಹೊಸ ಆಯಿಲು ತುಂಬಿದ್ದರೂ ಮೇಲಿನ ಭಾಗಗಳು ಒಣಗುತ್ತವೆ. ಕೊಡ ತುಂಬಾ ನೀರಿದ್ದು ಗಂಟಲಿಗೆ ಹನಿ ಇಲ್ಲದ ಹಾಗೆ.

ನಾಲ್ಕೈದು ದಿನ ಕಾರು ಚೆನ್ನಾಗಿಯೇ ಓಡಿತು. "ನೋಡ್ರಿ ಅತ್ಗೆ, ಹೆಂಗ್ ಮೆತ್ತಗಾಗೇತಿ ಸೌಂಡು!" ಎಂದು ಅವನೂ ಬೀಗಿದ. ಆರನೆಯ ದಿನ ನಾನು ತವರಿಗೆಂದು ಹರಿಹರಕ್ಕೆ ಹೋದವಳು ವಾಪಸು ಅವನ ಕಾರಿನಲ್ಲೇ ಮುಂದೆ ಕೂತಿದ್ದೆ. ಹಿಂದೆ ಡಯಾಲಿಸಿಸ್‌ನ ಆ ತಾಯಿ, ಅವರ ಮಗ. ದೊಡ್ಡಬಾತಿ ಹತ್ತಿರ ಬರುವಾಗ ಸ್ಟಿಯರಿಂಗ್ ಹಿಂದೆ ಒಂದು ಕೆಂಪು ದೀಪ ಹತ್ತಿತು. ಮೂತಿಯಿಂದ ಒಂದು ಹನಿ ತೊಟ್ಟಿಕ್ಕುವ ಎಣ್ಣೆಗಿಂಡಿಯ ಚಿತ್ರ. "ಏನೋ ಅದು, ನಿಲ್ಸೋ" ಅಂದೆ. "ಏನಿಲ್ಲ ಅತ್ಗೆ, ಅದು ಸೆನ್ಸರ್ ತಪ್ಪು ತೋರ್ಸೋದಂತೆ, ವಿಡಿಯೋದಾಗೆ ಹೇಳ್ಯಾನೆ" ಅಂದ. ಅದೇ ಮನುಷ್ಯ, ಇನ್ನೊಂದು ವಿಡಿಯೋ! ಅವನು ಹೇಳಿ ಮುಗಿಸುವುದರೊಳಗೆ ಎಂಜಿನ್ನು ಟಕಟಕ ಎಂದು ಕುಟ್ಟತೊಡಗಿತು. ಆಮೇಲೆ ನಿಂತಿತು.

ಓದುವ ಅಕ್ಕತಂಗಿಯರಿಗೆ ಒಂದು ಮಾತು. ಕಾರಿನಲ್ಲಿ ಹಳದಿ ದೀಪ ಹತ್ತಿದರೆ ಬೇಗ ತೋರಿಸಬೇಕು ಎಂದರ್ಥ. ಈ ಕೆಂಪು ಎಣ್ಣೆಗಿಂಡಿ ಹತ್ತಿದರೆ ಆ ಜಾಗದಲ್ಲೇ ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಬೇಕು. ಸೆನ್ಸರೇ ಕೆಟ್ಟಿರಬಹುದು, ಇಲ್ಲವೆನ್ನುವುದಿಲ್ಲ. ಅದನ್ನು ನಿಂತು ತಿಳಿಯಬೇಕೇ ಹೊರತು ಓಡಿಸಿ ತಿಳಿಯುವುದಲ್ಲ. ಗಂಡ ಓಡಿಸುತ್ತಿರಲಿ, ಮಗ ಓಡಿಸುತ್ತಿರಲಿ, ನಿಲ್ಲಿಸು ಎಂದು ಗಟ್ಟಿಯಾಗಿ ಹೇಳಿ. ಕಾರಿನ ವಿಷಯ ನಿನಗೇನು ಗೊತ್ತು ಎಂಬ ಉತ್ತರ ಹೇಗೂ ಬರುತ್ತದೆ, ಬರಲಿ.

ಆ ತಾಯಿಯನ್ನು ಬಿಸಿಲಲ್ಲಿ ರಸ್ತೆಬದಿಗೆ ಇಳಿಸಿ, ನೆರಳಿಗಾಗಿ ನನ್ನ ಸೆರಗು ಹಿಡಿದು ನಿಂತೆ. ಆಟೋ ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಒಂದು ಗಂಟೆ ತಡವಾಗಿತ್ತು. ಅವರ ಪಾಳಿಯ ಮೆಷಿನ್ನಿಗೆ ಇನ್ನೊಬ್ಬರನ್ನು ಹಾಕಿಯಾಗಿತ್ತು. ಸಂಜೆಯವರೆಗೆ ಕಾಯಬೇಕಾಯಿತು. ಆಕೆ ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಕಷ್ಟವಾದದ್ದು.

ಎಂಜಿನ್ ಕೆಳಗಿಳಿಸಿ, ಬೇರಿಂಗ್ ಬದಲಿಸಿ, ಟರ್ಬೊ ಬೇರೆ ಹಾಕಿಸುವಷ್ಟರಲ್ಲಿ ಅರವತ್ತೆರಡು ಸಾವಿರ ರೂಪಾಯಿ. ಕಂತು ನಿಲ್ಲುವಂತಿಲ್ಲ, ಬಾಡಿಗೆ ಇಲ್ಲ. ಕೊನೆಗೆ ಹೋದದ್ದು ನನ್ನ ನೆಗೆಣ್ಣಿಯ ನಾಲ್ಕು ಬಳೆ. ಬ್ಯಾಂಕಿನಲ್ಲಿ ಸಹಿ ಹಾಕುವಾಗ ಅವಳು ನನ್ನ ಕಿವಿಯಲ್ಲಿ, "ಅಕ್ಕಾ, ಆ ವಿಡಿಯೋದವನು ಒಂದು ಬಳೆಯಾದ್ರೂ ಕೊಡ್ತಾನೇನು?" ಅಂದಳು. ಅವನು ಕೊಡುವುದಿಲ್ಲ. ಎಷ್ಟು ಜನ ನೋಡಿದರೋ ಅಷ್ಟು ಜಾಹೀರಾತಿನ ಹಣ ಅವನಿಗೆ ಬರುತ್ತದೆ, ನೋಡಿದವರ ಕಾರು ಆಮೇಲೆ ಏನಾಯಿತೆಂಬುದರ ಮೇಲೆ ಅದು ನಿಂತಿಲ್ಲ. ನಮ್ಮ ಓಣಿಯ ಮೆಕ್ಯಾನಿಕ್ ಕೆಲಸ ಕೆಡಿಸಿದರೆ ಮರುದಿನ ಬೆಳಿಗ್ಗೆ ಅವನ ಅಂಗಡಿಯ ಮುಂದೆ ಹೋಗಿ ನಿಂತು ಜಗಳವಾಡಬಹುದು. ಇವನ ಅಂಗಡಿ ಯಾವ ಓಣಿಯಲ್ಲಿದೆ?

ಹಾಗೆಂದು ವಿಡಿಯೋ ಎಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ಸ್ಟೆಪ್ನಿ ಹಾಕುವುದನ್ನು ನಾನು ಕಲಿತದ್ದು ಅದರಲ್ಲೇ. ವೈಪರ್ ಬದಲಿಸಬಹುದು, ಬ್ಯಾಟರಿಯ ತುದಿಗೆ ಹಿಡಿದ ಬಿಳಿ ಪುಡಿ ಒರೆಸಬಹುದು. ಹೊಲಿಗೆ ಕಲಿತವರಿಗೆ ಈ ಭೇದ ಹೇಳಬೇಕಾಗಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಬಟ್ಟೆಗೆ ಕತ್ತರಿ ತಪ್ಪಿ ಬಿದ್ದರೆ ಆ ಬಟ್ಟೆ ಹೋದಂತೆ. ಎಂಜಿನ್, ಗೇರ್ ಬಾಕ್ಸಿನೊಳಗೆ ಏನಾದರೂ ಸುರಿಯುವುದು ಕತ್ತರಿ ಹಾಕಿದ ಹಾಗೆ. ನಮ್ಮ ಗೇರಿಲ್ಲದ ಸ್ಕೂಟಿಗೂ ಈ ಮಾತು ಸಲ್ಲುತ್ತದೆ. ಅದರ ಹಿಂದಿನ ಚಕ್ರದ ಬಳಿ ಬೇರೆಯೇ ಗೇರ್ ಆಯಿಲ್ ಇರುತ್ತದೆ, ಒಂದು ಸಣ್ಣ ಲೋಟದಷ್ಟು. ಗೇರಿರುವ ಬೈಕಿನಲ್ಲಾದರೆ ಸಾಮಾನ್ಯವಾಗಿ ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ನುಣುಪು ಆಯಿಲು ಹಾಕಿದರೆ ಕ್ಲಚ್ ಹಿಡಿಯದೆ ಜಾರಬಹುದು. ಯಾವುದಕ್ಕೆ ಯಾವುದು ಎಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಪ್ಲಾಸ್ಟಿಕ್ ಕವರು ಬಿಚ್ಚದೆ ಡಿಕ್ಕಿಯಲ್ಲಿ ಬಿದ್ದಿರುವ ಆ ಪುಸ್ತಕವನ್ನು ಯಾರಾದರೊಬ್ಬರು ಓದಬೇಕು, ಅಷ್ಟೆ.

ಕಾರು ರಿಪೇರಿಯಾಗಿ ಬಂದು ಎರಡು ತಿಂಗಳಾಗಿರಲಿಲ್ಲ, ಗೇರು ಗಟ್ಟಿಯಾಯಿತು. ಬೆಳಿಗ್ಗೆ ಮೊದಲನೆಯ ಗೇರಿಗೆ ಹಾಕಲು ಹೋದರೆ ಕರ್ರ್ ಎನ್ನುವುದು. ಮೈದುನ ಮತ್ತೆ ಮೊಬೈಲ್ ಹಿಡಿದ. ಗೇರ್ ಬಾಕ್ಸಿನ ಆಯಿಲಿಗೆ ಅರ್ಧ ಲೀಟರ್ ತೆಳು ಎಣ್ಣೆ ಬೆರೆಸಬೇಕಂತೆ. ನನ್ನ ನೆಗೆಣ್ಣಿ ಈ ಸಲ ಬಾಯಿಮಾತಿಗೆ ಹೋಗಲಿಲ್ಲ. ಕಾರಿನ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನು ಕರೆದುಕೊಂಡು ಹರಿಹರದ ಬಸ್ಸು ಹತ್ತಿದಳು.

ನನ್ನ ತವರಿನ ಓಣಿಯಲ್ಲಿ ಮೈಸೂರು ಕಿರ್ಲೋಸ್ಕರ್‌ನಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ದೊಡ್ಡಪ್ಪ ಎಂದೇ ಕರೆದು ಬೆಳೆದವಳು ನಾನು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತುಗಳು ದೇಶದ ಎಲ್ಲ ಮೂಲೆಗಳ ವರ್ಕ್‌ಷಾಪುಗಳಿಗೆ ಹೋಗುತ್ತಿದ್ದವು. ಅದರ ಸೈರನ್ನಿಗೆ ಹರಿಹರದ ಅರ್ಧ ಮನೆಗಳಲ್ಲಿ ಒಲೆ ಹತ್ತುತ್ತಿತ್ತು. ಈ ಶತಮಾನದ ಮೊದಲಲ್ಲಿ ಅದು ಬಾಗಿಲು ಹಾಕಿತು. ಲೇತಿನ ತಲೆಯೊಳಗೂ ಒಂದು ಗೇರ್ ಬಾಕ್ಸೇ ಇರುವುದು. ಅದನ್ನು ಜೋಡಿಸುವುದರಲ್ಲೇ ದೊಡ್ಡಪ್ಪನ ಆಯುಷ್ಯ ಕಳೆದದ್ದು. ಹಲ್ಲಿಗೆ ಹಲ್ಲು ಕೂಡುವಾಗ ಕೈಗೆ ತಿಳಿಯುತ್ತದೆ ಎನ್ನುತ್ತಾರೆ.

ಎಲ್ಲ ಕೇಳಿಸಿಕೊಂಡು ಅವರು ನೆಗೆಣ್ಣಿಯನ್ನು ಒಂದೇ ಪ್ರಶ್ನೆ ಕೇಳಿದರು. "ಏನವ್ವಾ, ಎಂಜಿನ್ ಆರಿಸ್ದಾಗ ಗೇರು ಹೆಂಗ್ ಬೀಳ್ತೇತಿ?" ಅವಳಿಗೆ ಗೊತ್ತಿರಲಿಲ್ಲ. "ಹಂಗಾರೆ ನೋಡ್ಕಂಡು ಫೋನ್ ಮಾಡು. ಅಲ್ಲೀತಂಕ ಒಂದು ಹನಿ ಎಣ್ಣಿ ಸುರೀಬ್ಯಾಡ್ರಿ" ಎಂದರು. ಎಂಜಿನ್ ಆರಿಸಿದಾಗ ಗೇರುಗಳೆಲ್ಲ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಮಾತ್ರ ಗಟ್ಟಿಯಾದರೆ, ಮೊದಲು ನೋಡಬೇಕಾದದ್ದು ಗೇರ್ ಬಾಕ್ಸನ್ನಲ್ಲ, ಕ್ಲಚ್ಚನ್ನು. ಪೆಡಲ್ ತುಳಿದಾಗ ಕ್ಲಚ್ ಎಂಜಿನ್ನನ್ನು ಪೂರ್ತಿ ಬಿಡುತ್ತಿಲ್ಲ, ಅದಕ್ಕೇ ತಿರುಗುವ ಹಲ್ಲುಗಳು ಉಜ್ಜುತ್ತವೆ. ಎರಡೂ ಸಲ ಗಟ್ಟಿಯಾಗಿದ್ದರೆ ಆಗ ಗೇರ್ ಬಾಕ್ಸು, ಲಿವರಿನ ಕಡೆ ನೋಡುವ ಮಾತು.

ಅಂದು ಸಂಜೆ ಅವಳೇ ಸೀಟಿನಲ್ಲಿ ಕೂತು, ಕ್ಲಚ್ ತುಳಿದು, ಒಂದೊಂದೇ ಗೇರು ಹಾಕಿ ನೋಡಿದಳು. ಆರಿಸಿದಾಗ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಚಾಲೂ ಮಾಡಿದರೆ ಕರ್ರ್. ಓಣಿಯ ಮೆಕ್ಯಾನಿಕ್ ಬಂದು ಕೆಳಗೆ ಬಗ್ಗಿ ನೋಡಿದ. ಕ್ಲಚ್ಚನ್ನು ತಳ್ಳುವ ಸಣ್ಣ ಸಿಲಿಂಡರಿನಿಂದ ಆಯಿಲು ಒಸರುತ್ತಿತ್ತು. ಸಾಮಾನು, ಕೂಲಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಗೇರ್ ಬಾಕ್ಸಿಗೆ ಯಾರೂ ಕೈ ಹಾಕಲಿಲ್ಲ.

ಮೈದುನ ಈಗಲೂ ವಿಡಿಯೋ ನೋಡುತ್ತಾನೆ, ಊಟ ಮಾಡುತ್ತಾ ನೋಡುತ್ತಾನೆ. ಆ ತಾಯಿ ಮತ್ತೆ ಅವನ ಕಾರಿನಲ್ಲೇ ಬರುತ್ತಾರೆ. ಬರುವಾಗಲೆಲ್ಲ ಅವರ ಮಗ ಮುಂದಿನ ಸೀಟಿನಲ್ಲಿ ಕೂತು ಕೆಂಪು ದೀಪ ಇರುವ ಜಾಗವನ್ನೇ ನೋಡುತ್ತಿರುತ್ತಾನಂತೆ. ಹೋದ ತಿಂಗಳು ಎರಡು ಬಳೆ ಬಿಡಿಸಿಕೊಂಡು ಬಂದೆವು. ಇನ್ನೆರಡು ಬ್ಯಾಂಕಿನಲ್ಲೇ ಇವೆ.