ನಲವತ್ತೇಳು ಬರಿ ಅಂದ್ರೆ ಎಪ್ಪತ್ನಾಲ್ಕು

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಸಿಗುವ ಊರು ನಮ್ಮ ಮಚ್ಛೆ. ಹೊರಗಿನವರಿಗೆ ವಿಟಿಯು ಇರುವ ಜಾಗ ಅಂದ್ರೆ ಗೊತ್ತಾಗುತ್ತೆ. ಊರವರಿಗೆ ಮಾತ್ರ ಇದು ಫೌಂಡ್ರಿ, ಮಷಿನ್ ಶಾಪುಗಳ ಊರು. ಇಲ್ಲಿ ಗಡಿಯಾರಕ್ಕಿಂತ ಪಾಳಿ ದೊಡ್ಡದು. "ಎಷ್ಟಕ್ಕ ಬರ್ತಿ?" ಅಂತ ಯಾರೂ ಕೇಳಲ್ಲ, "ಯಾವ ಪಾಳಿ?" ಅಂತ ಕೇಳ್ತಾರೆ. ಭಾಷೆಯ ಕಥೆಯೂ ಹಾಗೇ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ಕಾರ್ಖಾನೆಗೆ ಉತ್ತರದಿಂದ ಬಂದವರ ಹಿಂದಿ, ಎಲ್ಲವೂ ಕೇಳಿಸುತ್ತವೆ. ಒಂದೇ ಮನೆಯಲ್ಲೂ ಎರಡು ಭಾಷೆ ಇರೋದು ಇಲ್ಲಿ ವಿಶೇಷವೇನಲ್ಲ.

ಇಂಥ ಊರಲ್ಲಿ "ಪಾಲಕರು ಮತ್ತು ಶಿಕ್ಷಕರು ಕೈಜೋಡಿಸಬೇಕು" ಅನ್ನೋದು ಗೋಡೆ ಬರಹದಷ್ಟು ಸುಲಭ ಅಲ್ಲ. ಇಬ್ಬರಿಗೂ ಮನಸ್ಸಿರುತ್ತೆ. ಆದರೆ ಸಮಯ ಹೊಂದಲ್ಲ, ಒಬ್ಬರು ಬರೆದ ಅಕ್ಷರ ಇನ್ನೊಬ್ಬರಿಗೆ ಓದೋಕೆ ಬರಲ್ಲ.

ನಮ್ಮ ಮನೆಯದೇ ಹೇಳ್ತೀನಿ. ನನ್ನ ಅಣ್ಣ ಮಷಿನ್ ಶಾಪಿನಲ್ಲಿ ಕೆಲಸ ಮಾಡ್ತಾನೆ, ವಾರಕ್ಕೊಮ್ಮೆ ಪಾಳಿ ಬದಲಾಗುತ್ತೆ. ವೈನಿಯ ತವರು ಖಾನಾಪುರ ತಾಲೂಕಿನ ಒಂದು ಹಳ್ಳಿ. ಏಳನೇ ಇಯತ್ತೆವರೆಗೆ ಮರಾಠಿಯಲ್ಲಿ ಕಲಿತವರು. ಕನ್ನಡ ಚೆನ್ನಾಗಿ ಮಾತಾಡ್ತಾರೆ, ಓದೋಕೆ ಬರಲ್ಲ. ಅವರ ಮಗ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸ್.

ಅವನ ನೋಟ್‌ಬುಕ್ಕಿನಲ್ಲಿ ಟೀಚರ್ ಆಗಾಗ ಕೆಂಪು ಇಂಕಿನಲ್ಲಿ ಎರಡು ಸಾಲು ಬರೀತಿದ್ರು. ಗಣಿತದಲ್ಲಿ ಅಜಾಗರೂಕತೆ, ಪಾಲಕರು ಗಮನಿಸಿ ಅಂತ. ವೈನಿ ಅದನ್ನ ಮಗನ ಮುಂದೆ ಹಿಡಿದು "ಏನು ಬರೆದಾರ ಓದು" ಅಂತಿದ್ರು. ಅವನು ಗಂಭೀರವಾಗಿ "ಭಾಳ ಶಾಣ್ಯಾ ಹುಡುಗ ಅಂತ ಬರೆದಾರ" ಅಂತ ಓದ್ತಿದ್ದ. ವೈನಿ ಖುಷಿಯಿಂದ ಸಹಿ ಹಾಕ್ತಿದ್ರು. ಅತ್ತ ಟೀಚರಿಗೆ, ಇಷ್ಟು ಸಲ ಬರೆದರೂ ಸಹಿ ಬಿಟ್ಟು ಬೇರೇನೂ ಬರಲ್ಲ, ಈ ಮನೆಯವರಿಗೆ ಮಗನ ಬಗ್ಗೆ ಕಾಳಜಿಯೇ ಇಲ್ಲ ಅನ್ನಿಸತೊಡಗಿತ್ತು.

ಕೇಳಿದವರೆಲ್ಲ ನಗ್ತಾರೆ, ನಾನೂ ನಕ್ಕೆ. ಆದ್ರೆ ಸ್ವಲ್ಪ ಯೋಚಿಸಿ. ಇಬ್ಬರು ದೊಡ್ಡವರ ನಡುವೆ ಇರುವ ಒಬ್ಬನೇ ಅನುವಾದಕ ಎಂಟು ವರ್ಷದ ಹುಡುಗ, ಅನುವಾದ ಮಾಡಬೇಕಾದದ್ದು ಅವನ ಮೇಲಿನ ದೂರನ್ನೇ! ಅವನಿಂದ ಪ್ರಾಮಾಣಿಕತೆ ನಿರೀಕ್ಷೆ ಮಾಡೋದು ಹೇಗೆ?

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಶಾಲೆಯಿಂದ ಪಾಲಕರ ಸಭೆಗೆ ಕರೆ ಬಂತು. ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ‘ಸಮುದಾಯದತ್ತ ಶಾಲೆ’ ಅಂತ ಹೆಸರು. ಮಕ್ಕಳ ಉತ್ತರಪತ್ರಿಕೆಗಳನ್ನು ಪಾಲಕರಿಗೆ ತೋರಿಸಿ ಕಲಿಕೆಯ ಬಗ್ಗೆ ಮಾತಾಡೋ ದಿನ. ಅಣ್ಣನಿಗೆ ಮೊದಲ ಪಾಳಿ, ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತೆ. ವೈನಿಗೆ ಹೋಗೋ ಮನಸ್ಸಿರಲಿಲ್ಲ. ಕಾರಣ ಕೇಳಿದರೆ ಮೊದಲು ಕೆಲಸದ ನೆಪ ಹೇಳಿದ್ರು. ಆಮೇಲೆ ಮೆಲ್ಲಗೆ, "ಅಲ್ಲಿ ಏನರ ಓದ್ರಿ ಅಂತ ಕೈಗೆ ಕೊಟ್ರ ಏನ್ ಮಾಡ್ಲಿ?" ಅಂದ್ರು. ನನಗೆ ಅವತ್ತು ವರ್ಕ್ ಫ್ರಮ್ ಹೋಮ್. ಮೀಟಿಂಗ್ ಮುಂದಕ್ಕೆ ಹಾಕಿ ಅವರ ಜೊತೆ ಹೋದೆ.

ಟೀಚರ್ ಉತ್ತರಪತ್ರಿಕೆ ಬಿಡಿಸಿದ್ರು. "ನೋಡ್ರಿ, ಬಾಯಿಲೆಕ್ಕ ಕೇಳಿದ್ರ ಎಲ್ಲಾರಗಿಂತ ಮೊದಲು ಹೇಳ್ತಾನ. ಬರೀ ಅಂದ್ರ ಎಲ್ಲಾ ಉಲ್ಟಾ. ನಲವತ್ತೇಳು ಬರಿ ಅಂದ್ರ ಎಪ್ಪತ್ನಾಲ್ಕು ಬರೀತಾನ. ಲಕ್ಷ್ಯ ಇಲ್ರಿ ಅವಂಗ."

ವೈನಿ ಹಾಳೆ ನೋಡ್ತಾ ನಿಂತಿದ್ರು. ಅಕ್ಷರ ಓದೋಕೆ ಬರದಿದ್ರೂ ಅಂಕಿ ಓದೋಕೆ ಬರ್ತಿತ್ತು. ಒಂದು ನಿಮಿಷ ಬಿಟ್ಟು ಕೇಳಿದ್ರು, "ಅಕ್ಕೋರ, ಅಂವ ಮನ್ಯಾಗ ಮರಾಠಿಯೊಳಗ ಎಣಸ್ತಾನ್ರಿ. ಸತ್ತೇಚಾಳೀಸ್ ಅಂದ್ರ ಮೊದಲು ಸಾತ್ ಬರತೈತಿ, ಆಮ್ಯಾಲ ಚಾಳೀಸ್. ಅದಕ್ಕ ಹಿಂಗ್ ಮಾಡ್ತಾನೇನ್ರಿ?"

ಕನ್ನಡದಲ್ಲಿ ನಲವತ್ತೇಳು ಅಂದ್ರೆ ಮೊದಲು ನಲವತ್ತು, ಆಮೇಲೆ ಏಳು. ಬರೆಯೋ ಕ್ರಮವೂ ಅದೇ. ಮರಾಠಿಯಲ್ಲಿ, ಹಿಂದಿ ಉರ್ದುಗಳಲ್ಲೂ, ಬಿಡಿ ಮೊದಲು, ಹತ್ತು ಆಮೇಲೆ. ಇಪ್ಪತ್ತೈದು ಅಲ್ಲಿ ‘ಪಂಚವೀಸ್’, ಅಂದರೆ ಐದು-ಇಪ್ಪತ್ತು. ಹುಡುಗ ಟೀಚರ್ ಹೇಳಿದ ಕನ್ನಡ ಸಂಖ್ಯೆಯನ್ನ ಒಳಗೇ ಮರಾಠಿಗೆ ತಿರುಗಿಸಿಕೊಂಡು, ಮೊದಲು ಕೇಳಿಸಿದ್ದನ್ನ ಮೊದಲು ಬರೀತಿದ್ದ. ಜರ್ಮನ್ ಭಾಷೆಯಲ್ಲೂ ಬಿಡಿ ಮೊದಲು ಬರುತ್ತೆ. ಅಲ್ಲಿನ ಮಕ್ಕಳೂ ಅಂಕಿಗಳನ್ನ ಹೀಗೇ ಅದಲುಬದಲು ಬರೆಯೋದನ್ನ ಸಂಶೋಧಕರು ಗುರುತಿಸಿದ್ದಾರೆ.

ಟೀಚರಿಗೆ ಹುಡುಗ ಉಲ್ಟಾ ಬರೀತಾನೆ ಅನ್ನೋದು ಗೊತ್ತಿತ್ತು. ತಾಯಿಗೆ ಅವನು ಮರಾಠಿಯಲ್ಲಿ ಎಣಿಸ್ತಾನೆ ಅನ್ನೋದು ಗೊತ್ತಿತ್ತು. ಅರ್ಧ ಮಾಹಿತಿ ಒಬ್ಬರ ಹತ್ರ, ಇನ್ನರ್ಧ ಇನ್ನೊಬ್ಬರ ಹತ್ರ. ಎರಡೂ ಒಂದು ಮೇಜಿನ ಮೇಲೆ ಬರೋವರೆಗೆ ಅವನು ‘ಲಕ್ಷ್ಯ ಇಲ್ಲದ ಹುಡುಗ’. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ, "ಸರಿಯಾಗಿ ಓದಲ್ಲ, ಗಮನಿಸಿ" ಅನ್ನೋದು "ಆ್ಯಪ್ ಕೆಲಸ ಮಾಡ್ತಿಲ್ಲ" ಅಂತ ಬರೆದ ಬಗ್ ರಿಪೋರ್ಟ್ ಇದ್ದ ಹಾಗೆ. ಎಲ್ಲಿ, ಯಾವಾಗ, ಏನು ಮಾಡಿದಾಗ ಅಂತ ಗೊತ್ತಾಗದೆ ಯಾರೂ ರಿಪೇರಿ ಮಾಡೋಕಾಗಲ್ಲ.

ಪಾಲಕರನ್ನ ಭೇಟಿಯಾಗೋದು ಶಿಕ್ಷಕರ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯ ಅಲ್ಲ, ಕಾನೂನು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ಶಿಕ್ಷಕರು ಪಾಲಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಪ್ರಗತಿಯನ್ನ ತಿಳಿಸಬೇಕು ಅನ್ನುತ್ತೆ. 21ನೇ ಸೆಕ್ಷನ್ ಪ್ರಕಾರ ಸರ್ಕಾರಿ, ಅನುದಾನಿತ ಶಾಲೆಗಳ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ತಂದೆ-ತಾಯಿಯರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ರಾಜ್ಯದಲ್ಲಂತೂ ಅದಕ್ಕೂ ಮೊದಲೇ, 2001ರಲ್ಲೇ ಎಸ್‌ಡಿಎಂಸಿ ಬಂದಿತ್ತು.

ಅಂದ್ರೆ ವ್ಯವಸ್ಥೆ ಇದೆ. ಆದರೆ ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಕೂಲಿ ಕಳೆದುಕೊಳ್ಳೋದಕ್ಕೆ ತಯಾರಿರುವವರು ಮಾತ್ರ ಬರ್ತಾರೆ. ಚೀಟಿ ಒಂದೇ ಲಿಪಿಯಲ್ಲಿ ಹೋದರೆ ಆ ಲಿಪಿ ಬರುವವರು ಮಾತ್ರ ಬರ್ತಾರೆ. ಬರದೇ ಇದ್ದವರಿಗೆ ‘ಕಾಳಜಿ ಇಲ್ಲದವರು’ ಅನ್ನೋ ಹೆಸರು.

ಶಿಕ್ಷಕರ ಕಷ್ಟವೂ ಸಣ್ಣದಲ್ಲ. ಅವತ್ತು ವರಾಂಡದಲ್ಲಿ ಸಾಲಾಗಿ ಪಾಲಕರು ನಿಂತಿದ್ರು, ನಮಗೆ ಸಿಕ್ಕಿದ್ದು ಐದಾರು ನಿಮಿಷ. ಪಾಠ, ದಾಖಲೆ, ಬಿಸಿಯೂಟ, ಸಮೀಕ್ಷೆ ಎಲ್ಲ ಅವರ ತಲೆ ಮೇಲೇ. ಕೋವಿಡ್ ಕಾಲದಲ್ಲಿ, 2020ರಲ್ಲಿ, ‘ವಿದ್ಯಾಗಮ’ ಅಂತ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿ ಕಟ್ಟೆ, ಮರದ ನೆರಳಲ್ಲಿ ಪಾಠ ಮಾಡಿದ್ರು. ಕೆಲವೇ ತಿಂಗಳಲ್ಲಿ ಅದು ನಿಂತಿತು. ಆದರೆ ಮಗು ಓದೋಕೆ ಎಲ್ಲಿ ಕೂರುತ್ತೆ, ಮನೆಯಲ್ಲಿ ಯಾವ ಭಾಷೆ ಆಡುತ್ತೆ ಅನ್ನೋದು ಕಣ್ಣಿಗೆ ಬೀಳೋದು ಹಾಗೆ ಹೋದಾಗಲೇ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ‘ರೆನ್ರಾಕುಚೋ’ ಅನ್ನೋ ಪುಸ್ತಕ ಮನೆಗೂ ಶಾಲೆಗೂ ಓಡಾಡ್ತಿರುತ್ತೆ. ಟೀಚರ್ ಬರೀತಾರೆ, ಮನೆಯವರೂ ಬರೀತಾರೆ. ನಮ್ಮ ಕೆಂಪು ಇಂಕಿನ ಎರಡು ಸಾಲಿಗೆ ಉತ್ತರ ಬರೆಯೋ ಜಾಗವೇ ಇರಲ್ಲ, ಸಹಿಗೆ ಮಾತ್ರ ಇರುತ್ತೆ.

ಆ ಸಭೆಯಾದ ಮೇಲೆ ಟೀಚರ್ ಮಾಡಿದ್ದು ಸಣ್ಣ ಬದಲಾವಣೆ. ಚೀಟಿ ಬದಲು ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸ್ತಾರೆ, ಅರ್ಧ ನಿಮಿಷದ್ದು. ವೈನಿ ಅದನ್ನ ರೊಟ್ಟಿ ತಟ್ಟುತ್ತಲೇ ಕೇಳ್ತಾರೆ, ಅಣ್ಣ ಊಟದ ಬಿಡುವಲ್ಲಿ ಕೇಳ್ತಾನೆ. ವೈನಿ ಉತ್ತರವನ್ನೂ ಹಾಗೇ ಕಳಿಸ್ತಾರೆ, ಅರ್ಧ ಕನ್ನಡ ಅರ್ಧ ಮರಾಠಿ. ಮರಾಠಿಯಲ್ಲಿ ಎಣಿಸೋದನ್ನ ಬಿಡಿಸಬೇಡಿ, ಎಣಿಸಿದ ಮೇಲೆ ಕನ್ನಡದಲ್ಲೂ ಒಮ್ಮೆ ಹೇಳಿಸಿ ಅಂತ ಟೀಚರ್ ಹೇಳಿದ್ರು. ಸಂತೆಗೆ ಹೋದಾಗ ವೈನಿ ಅದನ್ನೇ ಮಾಡಿಸ್ತಾರೆ. ಅದಲುಬದಲು ಪೂರ್ತಿ ನಿಂತಿಲ್ಲ. ಆದ್ರೆ ಈಗ ಬರೆದ ಮೇಲೆ ಒಮ್ಮೆ ಕನ್ನಡದಲ್ಲಿ ಓದಿ, "ಏ, ಉಲ್ಟಾ ಆತು" ಅಂತ ತಾನೇ ಅಳಿಸ್ತಾನೆ. ಕಳ್ಳ ಅನುವಾದಕನ ಕೆಲಸ ಮಾತ್ರ ಹೋಯ್ತು.

ನಿಮ್ಮಲ್ಲಿ ಹಲವರ ಮಕ್ಕಳು ಈಗಷ್ಟೇ ಶಾಲೆ ಸೇರಿರಬಹುದು, ಇಲ್ಲಾ ಅಣ್ಣ-ಅಕ್ಕನ ಮಕ್ಕಳು ಓದ್ತಿರಬಹುದು. ಕ್ಲಾಸ್ ಗ್ರೂಪಿನ ಮೆಸೇಜಿಗೆ ಹೆಬ್ಬೆರಳು ಒತ್ತಿ ಮುಂದೆ ಹೋಗೋದು ನಮಗೆ ಅಭ್ಯಾಸ. ಮುಂದಿನ ಸಲ ಸಭೆಗೆ ಹೋದಾಗ "ಎಷ್ಟು ಮಾರ್ಕ್ಸ್?" ಜೊತೆಗೆ ಇನ್ನೆರಡು ಕೆಲಸ ಮಾಡಿ. "ಯಾವ ತಪ್ಪು ಪದೇ ಪದೇ ಮಾಡ್ತಾನೆ, ತೋರಿಸ್ತೀರಾ?" ಅಂತ ಕೇಳಿ. ಟೀಚರಿಗೆ ಗೊತ್ತಿರೋಕೆ ಸಾಧ್ಯವೇ ಇಲ್ಲದ ಮನೆಯ ಒಂದು ವಿಷಯ ಹೇಳಿ. ರಾತ್ರಿ ಎಷ್ಟಕ್ಕೆ ಮಲಗ್ತಾಳೆ, ಯಾವ ಭಾಷೆಯಲ್ಲಿ ಎಣಿಸ್ತಾಳೆ, ಯಾವುದಕ್ಕೆ ಹೆದರ್ತಾಳೆ. ಪಕ್ಕದ ಮನೆಯ ತಾಯಿ ಓದೋಕೆ ಬರಲ್ಲ ಅಂತ ಹಿಂಜರಿತಿದ್ರೆ ಜೊತೆಗೆ ಕರ್ಕೊಂಡು ಹೋಗಿ. ಅರ್ಧ ದಿನ ರಜೆ ಹಾಕಿದ್ರೆ ಸಂಬಳ ಕಡಿತ ಆಗದ ನೌಕರಿ ಇರುವವರು ನಾವು.

ಮುಂದಿನ ವರ್ಷ ಈ ಟೀಚರಿಗೆ ಬೇರೆ ಊರಿಗೆ ವರ್ಗ ಆಗಬಹುದು ಅನ್ನೋ ಮಾತಿದೆ. ಹೊಸಬರು ಬಂದರೆ ಮತ್ತೆ ಮೊದಲಿಂದ ಶುರು. ವೈನಿಗೆ ಹೇಳಿದೆ, ಬೇಕಾದ್ರೆ ಆಗಲೂ ನಾನೇ ಬರ್ತೀನಿ ಅಂತ. "ಬ್ಯಾಡ, ನಿನ್ನ ಮೀಟಿಂಗ್ ನೀ ಮಾಡು" ಅಂದ್ರು. "ಸತ್ತೇಚಾಳೀಸ್ ನಾನೇ ಹೇಳ್ತೀನಿ."