ನಿಟ್ಟುವಳ್ಳಿಯ ಹಾಲ್‌ನಲ್ಲಿ ಅಮೆಜಾನಿನ ತೊರಕೆ

ದಾವಣಗೆರೆಗೆ ಬಂದವರು ಬೆಣ್ಣೆ ದೋಸೆ ತಿಂತಾರೆ, ಸಂಜೆ ಮಂಡಕ್ಕಿ-ಮಿರ್ಚಿ ತಿಂತಾರೆ, ಟೈಮ್ ಇದ್ರೆ ಗಾಜಿನ ಮನೆ ನೋಡ್ಕೊಂಡು ಬಸ್ ಹತ್ತುತಾರೆ. ನಿಟ್ಟುವಳ್ಳಿ ಕಡೆ ಬರೋರು ಹೆಚ್ಚಾಗಿ ಇಲ್ಲಿ ನೆಂಟರಿದ್ದವರು. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಬಾಗಿಲ ಮುಂದೆ ರಂಗೋಲಿ, ಅದರ ಪಕ್ಕದಲ್ಲೇ ಬೈಕು, ನಲ್ಲಿ ನೀರು ಬಂದ ದಿನ ಸಾಲಾಗಿ ತುಂಬುವ ಡ್ರಮ್ಮುಗಳು. ನಾನು ಬೆಂಗಳೂರಿಂದ ಇಲ್ಲಿಗೆ ಬರೋದು ದೊಡ್ಡಪ್ಪನ ಮನೆಗೆ. ಈ ಸಲ ಅಲ್ಲಿ ಹೊಸ ನೆಂಟನೊಬ್ಬ ಬಂದಿದ್ದ. ಮೊದಲ ಮಹಡಿಯ ಹಾಲ್‌ನಲ್ಲಿ, ಟಿವಿ ಪಕ್ಕದ ನಾಲ್ಕಡಿ ಟ್ಯಾಂಕ್‌ನಲ್ಲಿ, ಮರಳಿನ ಮೇಲೆ ಚಪಾತಿಯಂತೆ ಮಲಗಿದ್ದ ಒಂದು ಮೀನು.

ಕರಾವಳಿಯವರು ತೊರಕೆ ಅಂತಾರಲ್ಲ, ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು, ಅದರ ಸಿಹಿನೀರಿನ ಬಂಧು ಇದು. ಹೆಸರು ಮೊಟೊರೊ ಸ್ಟಿಂಗ್‌ರೇ. ತವರು ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ, ಪರಾನಾ ನದಿಗಳು. ಕಂದು ಮೈ ತುಂಬ ಕಿತ್ತಳೆ ಬಣ್ಣದ ಚುಕ್ಕಿ. ಅಗಲ ಈಗ 12 ಸೆಂ.ಮೀ., ಒಂದು ಅಂಗೈಯಷ್ಟು.

"ನೀನರ ಹೇಳಪಾ, ಇದು ಎಷ್ಟು ದೊಡ್ಡದಾಗ್ತತಿ?" ಅಂತ ಅತ್ತಿಗೆ ಕೇಳಿದರು. ಅಣ್ಣ ಅಲ್ಲಿಂದಲೇ, "ಅಂಗಡಿಯವ ಹೇಳ್ಯಾನ, ಟ್ಯಾಂಕ್ ಎಷ್ಟೈತಿ ಅಷ್ಟೇ ಬೆಳಿತತಿ" ಅಂದ.

ಈ ಮಾತನ್ನ ನೀವೂ ಕೇಳಿರ್ತೀರಿ. ಆದರೆ ಅದು ಅರ್ಧ ಸತ್ಯ, ಆ ಅರ್ಧವೂ ಕ್ರೂರ.

ಮೀನು ಎಷ್ಟು ಬೆಳೀಬೇಕು ಅನ್ನೋದು ಮೊದಲು ಅದರ ಜಾತಿಯಲ್ಲಿದೆ. 2022ರ ಜೂನ್‌ನಲ್ಲಿ ಕಾಂಬೋಡಿಯಾದ ಮೆಕಾಂಗ್ ನದಿಯಲ್ಲಿ ಸಿಕ್ಕ ದೈತ್ಯ ತೊರಕೆ 300 ಕಿಲೋ ತೂಗಿತ್ತು, ಉದ್ದ ಸುಮಾರು 4 ಮೀಟರ್. ಮೊಟೊರೊ ಅಷ್ಟಾಗಲ್ಲ. ಆದರೂ ಚೆನ್ನಾಗಿ ಸಾಕಿದರೆ ಅರ್ಧ ಮೀಟರ್ ಅಗಲ ಆಗೋದು ಮಾಮೂಲು, ಬಾಲದ ಉದ್ದ ಬೇರೆ. ಎರಡನೆಯದು ಲಿಂಗ. ತೊರಕೆಗಳಲ್ಲಿ ಗಂಡಿಗಿಂತ ಹೆಣ್ಣು ದೊಡ್ಡದು. ಗಂಡಾದರೆ ಬಾಲದ ಬುಡದ ಎರಡೂ ಪಕ್ಕ ಕಡ್ಡಿಯಂಥ ಅಂಗ ಮರಿಯಲ್ಲೇ ಕಾಣುತ್ತೆ. ಟಾರ್ಚ್ ಹಾಕಿ ನೋಡಿದ್ವಿ. ಇರಲಿಲ್ಲ. ಅಂದರೆ ಹೆಣ್ಣು. ಅತ್ತಿಗೆ ಅಣ್ಣನ ಮುಖ ನೋಡಿದರು.

ಇಲ್ಲೊಂದು ಲೆಕ್ಕ. 12 ಸೆಂ.ಮೀ. ಮೀನು 48 ಆದರೆ ಅಗಲ ನಾಲ್ಕು ಪಟ್ಟು. ಅದು ಮಲಗೋಕೆ ಬೇಕಾದ ನೆಲ 16 ಪಟ್ಟು. ಮೈಯ ಆಕಾರ ಹಾಗೇ ಇದ್ದರೆ ತೂಕ ಸುಮಾರು 64 ಪಟ್ಟು. ತಿನ್ನೋದು, ನೀರು ಕೊಳೆ ಮಾಡೋದು ಎರಡೂ ಜೊತೆಗೇ ಏರುತ್ತವೆ. ತೊರಕೆಗೆ ಟ್ಯಾಂಕ್ ಎತ್ತರ ಇದ್ದು ಉಪಯೋಗ ಕಡಿಮೆ, ಅದಕ್ಕೆ ಬೇಕಿರೋದು ನೆಲ. ಸೈಟಿನ ಹಾಗೇ, ಚದರಡಿ ಲೆಕ್ಕ.

ಹಾಗಾದರೆ ಸಣ್ಣ ಟ್ಯಾಂಕ್‌ನಲ್ಲಿ ಮೀನು ಸಣ್ಣದಾಗೇ ಉಳಿಯೋದು ಯಾಕೆ? ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ವಾಕ್ ಮಾಡುವಾಗ ಇದೇ ಮಾತು. ಕೆರೆಗಳಲ್ಲಿ ಕಾಟ್ಲಾ, ರೋಹು ಸಾಕುವವರಿಗೆ ಇದು ಹೊಸದಲ್ಲ. ಜಾಗಕ್ಕೆ ಮೀರಿ ಮರಿ ಬಿಟ್ಟರೆ ಯಾವುದೂ ತೂಕ ಬರಲ್ಲ. ಮೀನು ಗಾಜನ್ನ ನೋಡಿ "ಸಾಕು" ಅಂತ ಬೆಳವಣಿಗೆ ನಿಲ್ಲಿಸಲ್ಲ. ಅದು ಕಿವಿರಿನಿಂದ ಬಿಡುವ ಅಮೋನಿಯಾ ಸ್ವಲ್ಪ ನೀರಿನಲ್ಲಿ ಬೇಗ ಸೇರುತ್ತೆ. ಬ್ಯಾಕ್ಟೀರಿಯಾಗಳು ಅದನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ಫಿಲ್ಟರ್ ಚಿಕ್ಕದಾದರೆ, ನೀರು ಬದಲಿಸದಿದ್ದರೆ, ಮೈಗೆ ಹತ್ತಬೇಕಾದ ಊಟವೆಲ್ಲ ಬರೀ ಬದುಕಿರೋದಕ್ಕೇ ಖರ್ಚಾಗುತ್ತೆ. ಕುಳ್ಳಗಾದ ಮೀನು ಟ್ಯಾಂಕಿಗೆ ಹೊಂದಿಕೊಂಡ ಮೀನಲ್ಲ, ಸೋತ ಮೀನು.

ಈ ಕೆರೆಗೆ ಬರೋದು ಭದ್ರಾ ನಾಲೆಯ ನೀರು. ದಾವಣಗೆರೆಯವರು ಕುಡಿಯೋದು ಇದನ್ನ, ಜೊತೆಗೆ ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯ ನೀರನ್ನ. ನಲ್ಲಿಗೆ ಬರುವಾಗ ಅದರಲ್ಲಿ ಕ್ಲೋರಿನ್ ಇರುತ್ತೆ. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಸುಡು. ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ನೀರು ಬದಲಿಸೋ ಹಾಗಿಲ್ಲ.

ಇನ್ನು ನಮ್ಮೂರ ಬೇಸಿಗೆ. 25 ಡಿಗ್ರಿ ನೀರು ಲೀಟರಿಗೆ 8 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ಹಿಡಿಯುತ್ತೆ, 32 ಡಿಗ್ರಿಯಲ್ಲಿ ಸುಮಾರು 7.3. ಬಿಸಿ ಏರಿದಷ್ಟೂ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ಸಿಗೋದು ಮಾತ್ರ ಕಡಿಮೆ. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಏರ್ ಪಂಪ್ ನಿಂತರೆ? ಲ್ಯಾಪ್‌ಟಾಪ್‌ಗಿಂತ ಮೊದಲು ಟ್ಯಾಂಕಿಗೆ ಯುಪಿಎಸ್ ಬೇಕು.

ಊಟದಲ್ಲೂ ಜಾಣತನ ಬೇಕು. ಎರೆಹುಳು, ಸೀಗಡಿ, ಮೀನಿನ ತುಂಡು ಬದಲಿಸಿ ಬದಲಿಸಿ ಕೊಡಬೇಕು. ಕೆಲವು ಮೀನು, ಸೀಗಡಿಗಳಲ್ಲಿ ಬಿ1 ವಿಟಮಿನ್ ನಾಶ ಮಾಡುವ ಕಿಣ್ವ ಇರುತ್ತೆ, ದಿನಾ ಅದನ್ನೇ ಹಾಕಿದರೆ ಕೊರತೆ ಗ್ಯಾರಂಟಿ. ಮೊದಲ ಎರಡು ಮೂರು ವರ್ಷ ಬೆಳವಣಿಗೆ ಜೋರು, ಆಗ ಊಟ ತಪ್ಪಬಾರದು. ಆಮೇಲೆ ಜಾಸ್ತಿ ಹಾಕಿದರೆ ಬರೋದು ಕೊಬ್ಬು, ಗಾತ್ರ ಅಲ್ಲ.

ಮಧ್ಯಾಹ್ನ ಮನೆಗೆ ಬಂದು ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ 8x4 ಅಡಿ ಗೆರೆ ಎಳೆದ್ವಿ. ಸೋಫಾ ಅರ್ಧ ಒಳಗೆ ಬಂತು. ಎರಡಡಿ ನೀರು ಹಿಡಿದರೂ ಸುಮಾರು 1,800 ಲೀಟರ್, ಅಂದರೆ ನೀರೇ 1.8 ಟನ್. ಮೊದಲ ಮಹಡಿಯಲ್ಲಿ ಆಗದ ಮಾತು. ಅತ್ತಿಗೆ, "ಕೆಳಗ ಕಾರ್ ನಿಲ್ಸೋ ಜಾಗ ಐತಲ್ಲ" ಅಂದರು. ಅಣ್ಣ ಮಾತಾಡಲಿಲ್ಲ, ಟೇಪ್ ತಗೊಂಡು ಕೆಳಗಿಳಿದ. ಈ ವರ್ಷದೊಳಗೆ ಪೋರ್ಟಿಕೋದಲ್ಲಿ ತೊಟ್ಟಿ ಕಟ್ಟಿಸೋದು, ಇಲ್ಲಾ ದೊಡ್ಡ ತೊಟ್ಟಿ ಇರುವವರಿಗೆ ಕೊಡೋದು, ಎರಡರಲ್ಲೊಂದು ಅಂತ ತೀರ್ಮಾನ ಆಯ್ತು. ಆ ಮೀನು ಹತ್ತು ವರ್ಷ ದಾಟಿ ಬದುಕಬಲ್ಲದು. ಅಣ್ಣನ ಮಗಳು ಈಗ ಒಂದನೇ ಕ್ಲಾಸು.

ಮೂರನೇ ದಾರಿ ಮಾತ್ರ ಇಲ್ಲ. ನಾಲೆಗೋ ಕೆರೆಗೋ ಬಿಟ್ಟು ಕೈತೊಳೆದುಕೊಳ್ಳೋದು. ಸಿಂಗಪುರದ ಅಪ್ಪರ್ ಸೆಲೆಟಾರ್ ಜಲಾಶಯದಲ್ಲಿ ಇದೇ ಮೊಟೊರೊ ಹೊರಗಿಂದ ಸೇರಿಕೊಂಡು ಮರಿ ಹಾಕಿ ನೆಲೆಯೂರಿದೆ. ನಮ್ಮ ಕೆರೆಗಳಲ್ಲಿ ಮಕ್ಕಳು ಈಜ್ತಾರೆ, ಬಲೆ ಬೀಸುವವರು ಬರಿಗಾಲಲ್ಲಿ ಇಳಿತಾರೆ.

ಹರಿಹರದ ಸೇತುವೆ ಮೇಲೆ ನಿಂತರೆ ತುಂಗಭದ್ರೆ ಮಳೆಗಾಲದಲ್ಲಿ ದಡ ತುಂಬಿ ಹರಿಯೋದನ್ನ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗಾಗೋದನ್ನ ನೋಡಬಹುದು. ನದಿಯ ಮೀನು ಆ ಏರಿಳಿತದ ಜೊತೆಗೇ ಬೆಳೆಯುತ್ತೆ. ಮನೆಯ ಮೀನಿಗೆ ನದಿ ಅಂದರೆ ನಾವೇ. ಮರಿ ಕೊಳ್ಳೋ ಮೊದಲು ಅಂಗಡಿಯಲ್ಲಿ ಗಂಡೋ ಹೆಣ್ಣೋ ಕೇಳಿ, ಆಮೇಲೆ ಮನೆಗೆ ಬಂದು ನೆಲ ಅಳೆಯಿರಿ. ದುಡ್ಡು ಕೊಡೋದು ಅದಾದ ಮೇಲೆ.