ಬೂಟು ಬಂದ ವರ್ಷ

1952ನೆಯ ಇಸವಿಯ ಮಳೆಗಾಲದಲ್ಲಿ, ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ, ನಮ್ಮ ಫುಟ್‌ಬಾಲ್ ತಂಡದಲ್ಲಿ ನನಗಿದ್ದ ಸ್ಥಾನವು ಹನ್ನೆರಡನೆಯವನದು. ಎಂದರೆ, ಆಟದ ಭಾಗ್ಯಕ್ಕಿಂತ ಚೆಂಡಿನ ಚಾಕರಿಯೇ ನನ್ನ ಪಾಲಿಗೆ ಹೆಚ್ಚಾಗಿ ಬಂದಿತ್ತು. ಆ ಚಾಕರಿಯೇನೂ ಸಾಮಾನ್ಯವಾದುದಲ್ಲ. ಸೈಕಲ್ ಪಂಪಿನಿಂದ ಬ್ಲ್ಯಾಡರಿಗೆ ಗಾಳಿ ತುಂಬಿ, ಅದರ ಕೊಳವೆಯನ್ನು ಮಡಿಸಿ ದಾರದಿಂದ ಬಿಗಿದು, ತೊಗಲಿನ ಸೀಳಿನೊಳಕ್ಕೆ ತುರುಕಿ, ಮೇಲೆ ಲೇಸು ಹೆಣೆದು, ಅದರ ಗಂಟು ಹೊರಗೆ ಉಬ್ಬದಂತೆ ಒಳಕ್ಕೆ ತಳ್ಳಬೇಕು. ಉಬ್ಬಿತೋ, ತಲೆಕೊಟ್ಟವನ ಹಣೆಯ ಮೇಲೆ ಅದರ ಮುದ್ರೆ ಎರಡು ದಿನ ಉಳಿಯುತ್ತಿತ್ತು. ಮಳೆಯಲ್ಲಿ ನೆನೆದ ಚೆಂಡಂತೂ ಸಾಕ್ಷಾತ್ ಗುಂಡುಕಲ್ಲು.

ಅಂಥ ಚೆಂಡನ್ನು ನಮ್ಮವರು ಬರಿಗಾಲಿನಲ್ಲಿ ಒದೆಯುತ್ತಿದ್ದರು. ಹರಡಿಗೆ ಬಟ್ಟೆಯ ಪಟ್ಟಿಯೊಂದನ್ನು ಸುತ್ತಿಕೊಂಡರೆ ಅಲ್ಲಿಗೆ ಅಲಂಕಾರವೆಲ್ಲ ಮುಗಿಯಿತು. ದಂಡಿನ ಗೋರಾ ಸೋಲ್ಜರುಗಳ ಬೂಟುಗಳೆದುರು ಹೀಗೆಯೇ ಆಡಿ ಬೆಳೆದ ಊರು ನಮ್ಮದು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದ ಕಥೆಯನ್ನು ಆಸ್ಟಿನ್ ಟೌನಿನ ಮುದುಕರು ನಿನ್ನೆ ನಡೆದುದೆಂಬಂತೆ ಹೇಳುತ್ತಿದ್ದರು.

ಆ ವರ್ಷ ಹೆಲ್ಸಿಂಕಿಯ ಒಲಿಂಪಿಕ್ಸ್‌ನಿಂದ ಬಂದ ವಾರ್ತೆ ಈ ಅಭಿಮಾನಕ್ಕೆ ಕೊಡಲಿಯಿಟ್ಟಿತು. ಯುಗೊಸ್ಲಾವಿಯಕ್ಕೆ ಹತ್ತು ಗೋಲು, ಭಾರತಕ್ಕೆ ಒಂದು. ಆ ಒಂದನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನ್. ನಾಲ್ಕು ವರ್ಷಗಳ ಹಿಂದೆ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನೆದುರು ಭಾರತದ ಏಕೈಕ ಗೋಲನ್ನು ಹೊಡೆದಿದ್ದ ರಾಮನ್ ಅವರೂ ಮೈಸೂರಿನ ಪರ ಆಡಿದವರೇ. ಆದರೆ ಸಮಾಧಾನದಿಂದ ಲೆಕ್ಕ ಬದಲಾದೀತೆ? ಚಳಿಯ ದೇಶದ ಮೈದಾನಕ್ಕೆ ಬರಿಗಾಲು ತಕ್ಕುದಲ್ಲವೆಂಬ ಮಾತು ಎಲ್ಲೆಲ್ಲಿಯೂ ಹಬ್ಬಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಮುಂದೆ ಬೂಟನ್ನು ಕಡ್ಡಾಯಗೊಳಿಸಿತು. ನಮ್ಮ ಡ್ರಿಲ್ ಮೇಷ್ಟ್ರು ಒಕ್ಕೂಟಕ್ಕಿಂತಲೂ ಅವಸರದವರು. ಕ್ರೀಡಾ ನಿಧಿಯ ಹಣದಿಂದ ಹನ್ನೊಂದು ಜೊತೆ ಬೂಟುಗಳನ್ನು ತರಿಸಿಯೇಬಿಟ್ಟರು.

ಅಟ್ಟೆಗೆ ತೊಗಲಿನ ಗುಬಟುಗಳನ್ನು ಮೊಳೆಯಿಂದ ಹೊಡೆದಿದ್ದ ಆ ಬೂಟುಗಳು ವಾರ ಕಳೆಯುವುದರೊಳಗೆ ತಮ್ಮ ಮೊಳೆಯ ಮೊನೆಗಳನ್ನು ಅಂಗಾಲಿಗೆ ಪರಿಚಯಿಸಿದವು. ಅವುಗಳನ್ನು ಹದಗೊಳಿಸಲು ಹರಳೆಣ್ಣೆ ಹಚ್ಚುವ ಕೆಲಸವೂ ನನ್ನ ಪಾಲಿಗೇ ಬಂತು. ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವನು ನಮ್ಮ ಲೆಫ್ಟ್-ಔಟ್. ಗೌತಮಪುರದ ಓಣಿಗಳಲ್ಲಿ ಚಿಂದಿಯ ಚೆಂಡಿನಿಂದ ಆಟ ಕಲಿತ ಆ ಹುಡುಗನು ಪಾದದ ಒಳಮೈಯಿಂದ ಚೆಂಡನ್ನು ಸವರಿ ಎದುರಾಳಿಯನ್ನು ದಾಟುವುದನ್ನು ನೋಡಲೆಂದೇ ಇತರ ಕಾಲೇಜುಗಳ ಹುಡುಗರು ತರಗತಿ ತಪ್ಪಿಸಿ ಬರುತ್ತಿದ್ದರು.

“ಸಾರ್, ಇದನ್ನ ಹಾಕ್ಕೊಂಡ್ರೆ ಚೆಂಡು ಎಲ್ಲಿದೆ ಅಂತ ಕಾಲಿಗೇ ಗೊತ್ತಾಗೋದಿಲ್ಲ” ಎಂದು ಅವನು ಬೇಡಿಕೊಂಡನು.

“ಕಾಲಿಗಲ್ಲಯ್ಯ, ಕಣ್ಣಿಗೆ ಗೊತ್ತಾದರೆ ಸಾಕು” ಎಂದರು ಮೇಷ್ಟ್ರು.

ಸೆಮಿಫೈನಲ್ ಪಂದ್ಯದ ಅರ್ಧದವರೆಗೆ ಅವನು ಬೂಟಿನಲ್ಲಿಯೇ ಎಡವಿ, ಬಳಿಕ ಗೆರೆಯಾಚೆ ಕುಳಿತಿದ್ದ ನನ್ನ ಮಡಿಲಿಗೆ ಅವೆರಡನ್ನೂ ಎಸೆದನು. ನೆಲ ಒಣಗಿತ್ತು. ಎರಡು ಗೋಲುಗಳಾದವು, ಎರಡೂ ಅವನವೇ, ಮೇಷ್ಟ್ರು ಮಾತಾಡಲಿಲ್ಲ. ಫೈನಲ್ಲಿನ ದಿನವಾದರೋ ಬೆಳಗಿನಿಂದಲೇ ಮಳೆ ಹಿಡಿದು ಮೈದಾನ ಕೆಸರುಗದ್ದೆಯಾಗಿತ್ತು. ಗೆದ್ದ ಕುದುರೆಗೆ ಲಗಾಮು ಹಾಕುವುದೇಕೆಂದು ಅಂದು ಯಾರೂ ಅವನನ್ನು ತಡೆಯಲಿಲ್ಲ. ಕಡೆಯ ನಿಮಿಷಗಳಲ್ಲಿ, ಗೋಲ್‌ಕೀಪರನೊಬ್ಬನ ಹೊರತು ಎದುರಿಗೆ ಯಾರೂ ಇಲ್ಲದ ವೇಳೆಯಲ್ಲಿ, ಊರಿದ ಬಲಗಾಲು ಜಾರಿ ಅವನು ಮಕಾಡೆ ಬಿದ್ದನು. ನಾವು ಒಂದು ಗೋಲಿನಿಂದ ಸೋತೆವು. ಮೇಷ್ಟ್ರ ವಾದದಲ್ಲಿ ಹುರುಳಿತ್ತೆಂದು ಒಪ್ಪಲು ನನಗೆ ಬಹುಕಾಲ ಹಿಡಿಯಿತು, ಇಂದು ಒಪ್ಪುತ್ತೇನೆ. ಆದರೂ ಬೂಟು ಬಂದ ಮೇಲೆ ಆ ಸವರುವ ಆಟವನ್ನು ನಾನು ಕಾಣಲಿಲ್ಲವೆಂಬುದೂ ಅಷ್ಟೇ ನಿಜ.

ಮುಂದೆ ನಮ್ಮ ಕಾಲದ ಆಟಗಾರರು ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳ ತಂಡಗಳಿಗೆ ಸೇರಿ, ಆಟವೇ ಅನ್ನದ ದಾರಿಯಾಯಿತು. ನಾವು ಅಭ್ಯಾಸ ಮಾಡುತ್ತಿದ್ದ ಸಂಪಂಗಿ ಕೆರೆಯಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ.

ವರ್ಷದ ಕೊನೆಗೆ ಬೂಟುಗಳನ್ನು ಎಣಿಸಿ ಬೀರುವಿನಲ್ಲಿಟ್ಟವನೂ ನಾನೇ. ಹನ್ನೊಂದು ಜೊತೆಯೂ ಹಿಂದಿರುಗಿದ್ದವು. ಹತ್ತರ ಮೊನೆ ಸವೆದಿತ್ತು.